ಹ್ಯಾಲೊಕ್ಸ್‌ಬಿ ಕ್ಷೇತ್ರದ ಸಾಂಗೋಪಾಂಗ ಪರಿಶೀಲನೆ

ಚುನಾವಣಾ ಕ್ಷೇತ್ರಗಳ ಗಡಿ ಬದಲಿಸುವ ಕರಡು ಆದೇಶವನ್ನು ಬ್ರಿಟನ್ನಿನ ಸಂಸತ್ತು ಒಪ್ಪಬಹುದು, ತಿರಸ್ಕರಿಸಬಹುದು, ಅಲ್ಪವಿರಾಮವನ್ನೂ ತಿದ್ದುವಂತಿಲ್ಲ. ತಿರಸ್ಕರಿಸುವುದು ಸಭ್ಯರ ಲಕ್ಷಣವಲ್ಲ.

ಈ ಸಲದ ಆದೇಶದಲ್ಲಿ ಹ್ಯಾಲೊಕ್ಸ್‌ಬಿ ಕ್ಷೇತ್ರ ಮೂರು ಪಾಲಾಗಿ ಮಾಯವಾಗಿತ್ತು. ಅಲ್ಲಿಂದ ಆರು ಸಲ ಗೆದ್ದ ಆಡಳಿತ ಪಕ್ಷದ ಮಾರ್ಟಿಮರ್ ಪ್ಲಮ್ ಅವರಿಗೆ ಬೇರೆಲ್ಲೂ ಒಂದು ನಾಯಿಯ ಪರಿಚಯವೂ ಇರಲಿಲ್ಲ. ಆದ್ದರಿಂದ ಆದೇಶವನ್ನು ಪರಿಶೀಲಿಸುವ ಸಮಿತಿಗೆ ಅವರನ್ನೇ ನೇಮಿಸಲಾಯಿತು.

"ನನ್ನ ಕುತ್ತಿಗೆ ಕೊಯ್ಯೋ ಸಮಿತಿಗೆ ನನ್ನನ್ನೇ ಹಾಕಿದೀಯಲ್ಲಮ್ಮ!" ಎಂದು ಪ್ಲಮ್ ಪಕ್ಷದ ಸಚೇತಕಿ ಡಾರ್ಕಸ್ ಫೆನ್ ಎದುರು ಗೋಳಾಡಿದರು.

"ಸ್ಥಳೀಯ ಅನುಭವ ಇರೋರು ಬೇಕಲ್ಲ ಸಾರ್. ಕ್ರಿಸ್‌ಮಸ್ ಕಾರ್ಡು ತನ್ನಿ. ಸಮಿತೀಲಿ ಯಾರು ಏನು ಮಾತಾಡಿದ್ರೂ ಎಲ್ಲರೂ ಕೂತು ತಮ್ಮ ಕಾರ್ಡಿಗೆ ಸಹಿ ಹಾಕೋದೇ."

ಪ್ಲಮ್ ಕಾರ್ಡು ಒಯ್ಯಲಿಲ್ಲ. ಹ್ಯಾಲೊಕ್ಸ್‌ಬಿಯ ಸೇತುವೆ, ಹಂದಿಮಾಂಸದ ಕಡುಬು, ತೀರಿಹೋದ ಮತದಾರರು, ಯಾವುದನ್ನೂ ಬಿಡದೆ ಮಾತಾಡಿದರು. ಸದಸ್ಯರು ಕಾರ್ಡುಗಳ ಮೇಲೆ ಕಣ್ಣೀರು ಸುರಿಸುತ್ತಲೇ ಸಹಿ ಹಾಕಿದರು. ನಿರ್ಣಯವನ್ನು ಮತಕ್ಕೆ ಹಾಕಿದಾಗ ಎಲ್ಲರೂ, ಆದೇಶ ತಂದ ಮಂತ್ರಿಗಳೂ ಸೇರಿ, "ಇಲ್ಲ!" ಎಂದರು. ಪ್ಲಮ್ ಬೆಂಚಿನ ಮೇಲೆ ಹತ್ತಿ ಕುಣಿದರು.

ಅಧ್ಯಕ್ಷ ಸರ್ ಲಿಯೊಪೋಲ್ಡ್ ಗ್ರೈಸ್ ಕೆಮ್ಮಿದರು. "ಬಹಳ ಸಂತೋಷ. ‘ಸಮಿತಿಯು ಆದೇಶವನ್ನು ಪರಿಶೀಲಿಸಿದೆ’ ಅನ್ನೋದು ನಿರ್ಣಯ. ನೀವು ‘ಇಲ್ಲ’ ಅಂದ್ರಿ. ಹಾಗನ್ನೋಕಾದ್ರೂ ಪರಿಶೀಲಿಸಲೇಬೇಕಾಯ್ತಲ್ಲ? ಪರಿಶೀಲಿಸಿದೆ ಅಂತ ವರದಿ ಕೊಡ್ತೀನಿ."

"ಮತ್ತೆ ಓಟು ಯಾಕ್ರೀ ಹಾಕಿಸಿದ್ರಿ?"

"ಹಾಕಿಸದೆ ಪರಿಶೀಲಿಸೋದು ಹೇಗೆ ಸ್ವಾಮಿ?"

ಮಂತ್ರಿಗಳು ಪ್ಲಮ್ ಅವರ ಕೈ ಕುಲುಕಿದರು. "ನಿಮ್ಮಿಂದ ಪರಿಶೀಲನೆಗೆ ಒಂದು ಕಳೆ ಬಂತು ನೋಡಿ!"

ಉಳಿದದ್ದು ಸದನ. ಅಲ್ಲಿ ಚರ್ಚೆಯಿಲ್ಲ, ಆದರೆ ಯಾರಾದರೂ "ಇಲ್ಲ" ಎಂದು ಕೂಗಿ ಪಟ್ಟು ಹಿಡಿದರೆ ತಲೆ ಎಣಿಸಬೇಕು. ಅತ್ತಿದ್ದವರೆಲ್ಲ ತಮ್ಮ ಕಡೆಗೇ ಎಂದು ಪ್ಲಮ್ ನಂಬಿದ್ದರು. ಮರುದಿನ ಗಂಟಲಿಗೆ ಜೇನು ಸವರಿಕೊಂಡು ಬಂದು ಕೂತರು.

ಮೊದಲು ಹಾವುಮೀನಿನ ಬಲೆಯ ಆದೇಶ ಬಂತು. ತಮ್ಮ ಪಕ್ಷದ ಸರ್ಕಾರ ತಂದದ್ದೆಂದು ಪ್ಲಮ್ "ಹೌದು!" ಎಂದರು. ದಿಂಬಿನ ಹತ್ತಿಯ ಆದೇಶಕ್ಕೂ "ಹೌದು!" ಎಂದರು. ಒಂದರ ಹಿಂದೊಂದು ಬಂದವಕ್ಕೆಲ್ಲ ಅದೇ ಉತ್ತರ. ಆಮೇಲೆ ಗಡಿಯ ಆದೇಶ. ಸಭಾಧ್ಯಕ್ಷರು "ಒಪ್ಪುವವರು?" ಎಂದದ್ದೇ ತಡ, ಇಷ್ಟು ವರ್ಷ ಪಳಗಿದ ಬಾಯಿ ಪ್ಲಮ್ ಅವರನ್ನು ಕೇಳದೆಯೇ ತೆರೆದು, ಇಡೀ ಸದನಕ್ಕಿಂತ ಮೊದಲು, ಎಲ್ಲರಿಗಿಂತ ಜೋರಾಗಿ "ಹೌದು!" ಎಂದಿತು.

ಕೂಗಿದ ಮೇಲೆ ಅದಕ್ಕೆ ವಿರುದ್ಧವಾಗಿ ಮತ ಹಾಕುವಂತಿಲ್ಲ ಎಂಬುದು ಸದನದ ನಿಯಮ. ಪ್ಲಮ್ ಅವರೇ ಒಪ್ಪಿದ ಮೇಲೆ ಬೇರೆ ಯಾರೂ "ಇಲ್ಲ" ಎನ್ನಲಿಲ್ಲ; ಹ್ಯಾಲೊಕ್ಸ್‌ಬಿ ರದ್ದಾಯಿತು.

"ಅಬ್ಬಾ, ಎಂಥಾ ಶಿಸ್ತು ಸಾರ್ ನಿಮ್ದು!" ಎಂದು ಡಾರ್ಕಸ್ ಕಣ್ಣೊರೆಸಿಕೊಂಡಳು. ಎರಡೂ ಕಡೆಯವರು ಎದ್ದು ಜಯಕಾರ ಹಾಕಿದರು. ಪ್ಲಮ್ ಆರು ಸಲ ಗೆದ್ದಾಗಲೂ ಯಾರೂ ಇಷ್ಟು ಕೂಗಿರಲಿಲ್ಲ. ಅವರು ಎದ್ದು ನಿಂತು ತಲೆಬಾಗಿದರು.