ನಲವತ್ತು ಕಿಲೋಮೀಟರಿನ ಪರದೇಶ

ನಮ್ಮ ಮಾವನವರು, ಅಂದರೆ ನನ್ನ ಗಂಡನ ತಂದೆ, ಸ್ವದೇಶ ಬಿಟ್ಟು ಪರದೇಶದಲ್ಲಿ ನೆಲೆಸಿದವರು. ಹೊಸಬರ ಮುಂದೆ ಇದನ್ನು ಹೇಳುವಾಗ ಅವರ ದನಿ ಸ್ವಲ್ಪ ನಡುಗುತ್ತಿತ್ತು. ಕೇಳಿದವರು ಲಂಡನ್ನೋ ಮಸ್ಕತ್ತೋ ಎಂದು ಕಣ್ಣರಳಿಸುತ್ತಿದ್ದರು. ಸ್ವದೇಶವೆಂದರೆ ಅಕ್ಕಲಕೋಟ ತಾಲೂಕಿನ ಒಂದು ಹಳ್ಳಿ. ಪರದೇಶವೆಂದರೆ ಸೊಲ್ಲಾಪುರ. ನಡುವಿನ ಸಪ್ತಸಾಗರ ಒಟ್ಟು ನಲವತ್ತು ಕಿಲೋಮೀಟರ್!

ಆ ರಸ್ತೆ ಅಗಲವಾದಾಗ ಊರೆಲ್ಲ ಖುಷಿಪಟ್ಟರೆ ಇವರೊಬ್ಬರು ಮಂಕಾದರು. "ಮದಲ ಎರಡ ತಾಸ ಹತ್ತತಿತ್ತು. ಊರ ನೆನಪ ಮಾಡ್ಕೋತ ಹೋಗಬಹುದಿತ್ತು. ಈಗ ನೆನಪ ತಗೀಯೂದ್ರಾಗ ಊರ ಬಂದ ಬಿಡ್ತದ" ಎಂದು ಬಸ್ಸಿನ ಕಂಡಕ್ಟರನ ಹತ್ತಿರವೇ ದೂರಿದ್ದರಂತೆ.

ಹರೆಯದಲ್ಲಿ ಟವೆಲ್ ಅಂಗಡಿಯ ಕೆಲಸಕ್ಕೆಂದು ಸೊಲ್ಲಾಪುರಕ್ಕೆ ಬಂದವರು. ಆಮೇಲೆ ಸ್ವಂತ ಅಂಗಡಿ ಆಯಿತು, ಮನೆ ಆಯಿತು, ಮಕ್ಕಳು ಮೊಮ್ಮಕ್ಕಳು ಆದರು. ಇಷ್ಟಾದರೂ ಸೊಲ್ಲಾಪುರದ ಪೇಟೆಯಲ್ಲಿ ಅವರು "ಅಕ್ಕಲಕೋಟ ಕಡೀಯವರು". ಹಳ್ಳಿಗೆ ಹೋದರೆ "ಸೊಲ್ಲಾಪುರದವರು". ಮೊದಲನೆಯದು ಅವರಿಗೆ ಬಿರುದು. ಎರಡನೆಯದು ಕೇಳಿದರೆ ಊಟ ಸೇರುತ್ತಿರಲಿಲ್ಲ. ಹುಟ್ಟಿದ ಊರು ತನ್ನನ್ನು ಊರಿನವನೆಂದೇ ಎಣಿಸಬೇಕು, ಅವರಿಗೆ ಬೇಕಾಗಿದ್ದುದು ಅದೊಂದೇ. ಅದಕ್ಕೆ ಅವರು ಮಾಡಿದ್ದೇನು? ಆ ಊರಿನ ವಿರುದ್ಧವೇ ಒಂದು ಕ್ರಿಕೆಟ್ ತಂಡ ಕಟ್ಟಿದರು.

ಸೊಲ್ಲಾಪುರಕ್ಕೆ ವಲಸೆ ಬಂದ "ನಮ್ಮ ಕಡೀಯವರ" ತಂಡ ಪ್ರತಿವರ್ಷ ಸುಗ್ಗಿ ಮುಗಿದ ಮೇಲೆ ಹಳ್ಳಿಗೆ ಹೋಗಿ, ಖಾಲಿ ಹೊಲದಲ್ಲಿ ಊರಿನ ತಂಡದೊಂದಿಗೆ ಆಡಬೇಕು ಎಂಬುದು ಅವರ ಕಟ್ಟಳೆ. ನಮ್ಮ ಕಡೆಯವರು ಯಾರು ಎಂಬುದನ್ನು ತೀರ್ಮಾನಿಸುವ ಅಧಿಕಾರ ಅವರೊಬ್ಬರದೇ. ಬ್ಯಾಟು ಹಿಡಿಯಲು ಬಾರದವನಿಗೆ ನಿಯಮ ಬಹಳ ಬಿಗಿ. ಒಳ್ಳೆಯ ಸ್ಪಿನ್ನರ್ ಸಿಕ್ಕರೆ ಸಡಿಲ.

"ಅಂವ ಕಂದಲಗಾಂವದಾಂವ ಅಲ್ಲೇನ್ರಿ?" ಎಂದು ಒಮ್ಮೆ ಯಾರೋ ಅಂಥ ಒಬ್ಬ ಸ್ಪಿನ್ನರನ ಬಗ್ಗೆ ತಕರಾರು ತೆಗೆದರು. ಆ ಊರು ಅಕ್ಕಲಕೋಟ ತಾಲೂಕಿನದಲ್ಲ.

"ಅಂವ ಕಂದಲಗಾಂವದಾಂವ ಖರೆ. ಆದ್ರ ಅವರ ಎಮ್ಮಿ ಅಕ್ಕಲಕೋಟ ಬಜಾರದಾಗ ತಂದದ್ದು. ಹತ್ತ ವರ್ಷ ಆ ಹಾಲ ಕುಡದಾನ. ಇನ್ನೇನ ಪುರಾವಾ ಬೇಕು?"

ಆ ಸ್ಪಿನ್ನರ್ ಕೊನೆಯವರೆಗೂ ನಮ್ಮ ಕಡೆಯವನಾಗಿಯೇ ಉಳಿದ.

ನಾನು ಈ ಮನೆಗೆ ಬಂದದ್ದೂ ಹೀಗೇ ಒಂದು ಪರೀಕ್ಷೆ ದಾಟಿ. ನನ್ನನ್ನು ನೋಡಲು ವಿಜಯಪುರಕ್ಕೆ ಬಂದಾಗ ಅತ್ತೆ ಅಡಿಗೆಯ ವಿಷಯ ಕೇಳಿದರು. ಮಾವ ಗಂಟಲು ಸರಿಮಾಡಿಕೊಂಡು, "ಬಾಲ್ ಬಂದು ಪ್ಯಾಡಿಗಿ ಬಡೀತು ಅಂತ ತಿಳಿ. ಆಗ ಏನ ಕೇಳಬೇಕವ್ವಾ?" ಎಂದರು. ನನಗೇನು ಗೊತ್ತು? "ನೋವಾತೇನ ಅಂತ ಕೇಳಬೇಕ್ರಿ" ಎಂದೆ. ಅವರು ಅತ್ತೆಯ ಕಡೆ ತಿರುಗಿ, "ಕ್ರಿಕೆಟ್ ಗೊತ್ತಿಲ್ಲ. ಸಂಸಾರ ಗೊತ್ತದ. ನಡೀತದ" ಎಂದು ತೀರ್ಪು ಕೊಟ್ಟರು.

ಅತ್ತೆಗೂ ಮೈದಾನದಲ್ಲಿ ಒಂದು ಹುದ್ದೆಯಿತ್ತು. ಅವರು ಮೂರನೆಯ ಅಂಪೈರು. ಸಾಮಾನ್ಯವಾಗಿ ಮ್ಯಾಚಿನ ದಿನ ಅವರು ಸೊಲ್ಲಾಪುರದ ಮನೆಯಲ್ಲೇ ಇರುತ್ತಿದ್ದರು, ಹುದ್ದೆಗೆ ಅದು ಅಡ್ಡಿಯಾಗಲಿಲ್ಲ. ರನೌಟಿನ ಜಗಳ ಬಗೆಹರಿಯದಿದ್ದರೆ ಮಾವ ಫೋನು ಹಚ್ಚುತ್ತಿದ್ದರು. ಯಾಕೆಂದರೆ ಅತ್ತೆ ಏನನ್ನೂ ನೋಡಿಲ್ಲ, ಆದ್ದರಿಂದ ಯಾರ ಪಕ್ಷವೂ ಅಲ್ಲ. ಅತ್ತೆ ಒಂದೇ ಪ್ರಶ್ನೆ ಕೇಳುತ್ತಿದ್ದರು: "ನಿಮ್ಮದು ಊಟ ಆಗ್ಯಾದೇನು?" ಆಗಿಲ್ಲ ಎಂದರೆ ಔಟು. ಆ ಮೈದಾನದಲ್ಲಿ ಊಟಕ್ಕೆ ಮುಂಚೆ ಸಂಶಯದ ಲಾಭ ಪಡೆದ ಬ್ಯಾಟ್ಸ್‌ಮನ್ ಒಬ್ಬನೂ ಇಲ್ಲ.

ಇನ್ನು ಆಹೇರಿನ ಕಥೆ. ಮನೆಗೆ ಬಂದ ಅತಿಥಿಯನ್ನು, ನಮ್ಮ ಮಾತಿನಲ್ಲಿ ಪಾವಣ್ಯಾನನ್ನು, ನಾವು ಬರಿಗೈಯಲ್ಲಿ ಕಳಿಸುವುದಿಲ್ಲ. ಟವೆಲು, ಟೋಪಿ, ತೆಂಗಿನಕಾಯಿ ಕೊಟ್ಟು ಆಹೇರು ಮಾಡುತ್ತೇವೆ. ಒಂದು ವರ್ಷ ಮಾವ ಅಂಗಡಿಯಿಂದ ಟವೆಲಿನ ಗಂಟು ಹೊತ್ತೊಯ್ದು, ಔಟಾದ ಊರಿನ ಹುಡುಗರಿಗೆಲ್ಲ ಪಿಚ್ಚಿನ ಮೇಲೆಯೇ ಆಹೇರು ಮಾಡಿದರು. ಮೂರನೆಯವನ ಹೊತ್ತಿಗೆ ಊರಿಗೆ ವಿಷಯ ತಿಳಿಯಿತು. ಮುಂದಿನವರು ಬ್ಯಾಟನ್ನು ಬಗಲಲ್ಲಿಟ್ಟುಕೊಂಡೇ ಬಂದು ಬೌಲ್ಡಾದರು. ಒಬ್ಬನಂತೂ ಅಂಗಿ ಬದಲಿಸಿ ಎರಡನೆಯ ಸಲ ಬಂದ. ನಮ್ಮವರು ಮೊದಲ ಬಾರಿ ಗೆದ್ದರು, ಮಾವ ಆರು ತಿಂಗಳು ನಮ್ಮ ಬೌಲಿಂಗನ್ನು ಹೊಗಳಿದರು.

ಆದರೆ ಪ್ರತಿವರ್ಷ ಸಂಜೆ ಹೊರಡುವಾಗ ಊರು ತನ್ನ ಸರದಿ ತೀರಿಸುತ್ತಿತ್ತು. ಊರಿನ ತಂಡದ ನಾಯಕ ಚನ್ನಪ್ಪ ಮಾವನ ಜೊತೆ ಸಾಲೆಯಲ್ಲಿ ಒಂದೇ ಹಲಗೆಯ ಮೇಲೆ ಕೂತವನು. ಅವನು ಮಾವನನ್ನು ಹಗ್ಗ ಹೆಣೆದ ಹೊರಸಿನ ಮೇಲೆ ಕೂರಿಸಿ ಟೋಪಿ ಇಡಲು ಹೋಗುತ್ತಿದ್ದ. ಮಾವ ಕೈ ತಳ್ಳುತ್ತಿದ್ದರು.

"ಚನ್ನಾ, ಇದ ಊರಾಗ ಹುಟ್ಟೀನಿ ನಾ. ನಾ ಏನ ಪಾವಣ್ಯಾ ಏನೋ, ನನಗ ಆಹೇರ ಮಾಡಾಕತ್ತಿ?"

"ಹುಟ್ಟಿದ್ದು ಖರೆ ಅದ. ಆದ್ರ ಸಂಜೀಕ ಬಸ್ಸ ಹತ್ತಿ ಹೋಗಾಂವ ಪಾವಣ್ಯಾನ ಅಲ್ಲೇನು?"

ಎಲ್ಲರೂ ನಗುತ್ತಿದ್ದರು. ಮಾವ ಟೋಪಿ ಹಾಕಿಕೊಂಡು, ಟವೆಲು ತೊಡೆಯ ಮೇಲಿಟ್ಟುಕೊಂಡು, ಸೊಲ್ಲಾಪುರ ಬರುವವರೆಗೆ ಬಸ್ಸಿನ ಕಿಟಕಿಯ ಕಡೆ ಮುಖ ಮಾಡಿರುತ್ತಿದ್ದರು. ಆ ಟವೆಲಿನ ಮೇಲೆ ಅವರದೇ ಅಂಗಡಿಯ ಚೀಟಿ ಇರುತ್ತಿತ್ತು. ಹಿಂದಿನ ಸೀಟಿನಲ್ಲಿ ನಾನು ಮತ್ತು ನನ್ನ ಗಂಡ ಬಾಯಿಗೆ ಸೆರಗು, ಕರ್ಚೀಫು ಒತ್ತಿ ನಗುತ್ತಿದ್ದೆವು. ಹನ್ನೊಂದು ವರ್ಷ ಹೀಗೆ ನಕ್ಕಿದ್ದೇವೆ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ.

ಹೋದ ವರ್ಷದ್ದು ಅವರ ಕೊನೆಯ ಮ್ಯಾಚು. ಎದೆಯ ಆಪರೇಷನ್ ಆಗಿತ್ತು, ಮೈ ಅರ್ಧವಾಗಿತ್ತು. ಡಾಕ್ಟರು ಬೇಡವೆಂದರೂ ಹೊರಟರು, ಆ ಸಲ ಅತ್ತೆಯೂ ಜೊತೆಗೆ ಬಂದರು. ಮಾವ ಬೇವಿನ ನೆರಳಿನಲ್ಲಿ ಹೊರಸಿನ ಮೇಲೆ ಕೂತು ಆಟ ನೋಡಿದರು. ಆಟ ಮುಗಿದು ಪಂಕ್ತಿ ಕೂತಿತು. ಸೊಲ್ಲಾಪುರದಿಂದ ಹೋದ ನಾವೆಲ್ಲ ಎಲೆಯ ಮುಂದಿದ್ದೆವು. ಬಡಿಸುವವರು ಕಡಿಮೆ ಬಿದ್ದರು. ಚನ್ನಪ್ಪ ಹುಗ್ಗಿಯ ಬಕೆಟ್ಟು ಹಿಡಿದು ಓಡಾಡುತ್ತಿದ್ದವನು ಹೊರಸಿನ ಮುಂದೆ ನಿಂತು ಬೈದ.

"ಏ, ಸುಮ್ಮನ ಏನ ಕುಂತೀಯೋ? ಪಾವಣ್ಯಾರ ಎಲಿ ಖಾಲಿ ಅದಾವ. ಏಳ, ಬಕೇಟ ಹಿಡಿ."

ಬೇಕೆಂದೇ ಅಂದನೋ, ನಿಜಕ್ಕೂ ಕೈ ಸಾಲದೆ ಅಂದನೋ, ನನಗೆ ಇಂದಿಗೂ ಗೊತ್ತಿಲ್ಲ. ಮಾವ ಎದ್ದರು. ಧೋತರ ಮೇಲಕ್ಕೆ ಕಟ್ಟಿ ಬಕೆಟ್ಟು ಹಿಡಿದರು. ಬಕೆಟ್ಟು ಇಸಿದುಕೊಳ್ಳಲು ನನ್ನ ಗಂಡ ಏಳಹೋದರೆ, ಅತ್ತೆ ಅವರ ಅಂಗಿ ಜಗ್ಗಿ ಕೂರಿಸಿದರು. ಮಾವ ಒಬ್ಬೊಬ್ಬರನ್ನೂ ಒತ್ತಾಯ ಮಾಡುತ್ತ ಸಾಲಿನುದ್ದಕ್ಕೂ ಬಂದರು. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ನನ್ನ ಎಲೆಯ ಮುಂದೆ ಬಂದಾಗ ಸೊಸೆ ಎಂಬುದೂ ಅವರಿಗೆ ಮರೆತುಹೋಗಿತ್ತು.

"ತಗೋರಿ, ನಾಚಬ್ಯಾಡ್ರಿ" ಎಂದರು. "ನಮ್ಮ ಮನೀದ ಅದ."

ನನ್ನ ಹೊಟ್ಟೆ ತುಂಬಿತ್ತು. ಆದರೂ ಬೇಡವೆನ್ನಲಿಲ್ಲ.