ಮೋತ್ಯಾನ ಪಾಕೀಟು, ನನ್ನ ತಾಟು

ಹಿಡಕಲ್ ಡ್ಯಾಮಿನ ಗೇಟು ಏರಿಸಿ ಇಳಿಸಿ ಮೂವತ್ತೊಂದು ವರ್ಷ ಕಳೆದವನು ನಾನು. ಸಾಕ್ಷಾತ್ ಘಟಪ್ರಭೆಯೇ ನನ್ನ ರಜಿಸ್ಟರಿನಲ್ಲಿ ದಾಖಲಾಗದೆ ಒಂದಿಂಚು ಮುಂದೆ ಹರಿಯುತ್ತಿರಲಿಲ್ಲ. ಅಂಥವನಿಗೆ ಒಂದು ನಾಯಿಯ ಹೊಟ್ಟೆ ಯಾವ ಲೆಕ್ಕ! ನಿವೃತ್ತಿಯಾಗಿ ಕೊಣ್ಣೂರಿನ ಮನೆಗೆ ಬಂದು ಕುಳಿತ ಮೂರನೆಯ ತಿಂಗಳಿಗೆ, ನಮ್ಮ ಮೋತ್ಯಾನ ಆಹಾರವನ್ನು ಬುಡದಿಂದ ಸುಧಾರಿಸಿಯೇ ತೀರುತ್ತೇನೆಂದು ಪಣ ತೊಟ್ಟೆ.

ಮೋತ್ಯಾ ಎಂದರೆ ನಮ್ಮ ನಾಯಿ. ಏಳು ವರ್ಷದ ಹಿಂದೆ ನಾಗನೂರಿನ ಗೆಳೆಯನೊಬ್ಬನ ಹೊಲದಿಂದ ನನ್ನ ಕೈಚೀಲದಲ್ಲಿ ಕುಳಿತು ಬಂದವನು. ನಮ್ಮದು ಲಿಂಗ ಕಟ್ಟಿದ ಮನೆ, ಮೊಟ್ಟೆ ಕೂಡ ಹೊಸ್ತಿಲು ದಾಟಿ ಬಂದದ್ದಿಲ್ಲ. ಹಾಗಾಗಿ ಮೋತ್ಯಾನೂ ನನ್ನ ಹೆಂಡತಿ ಗೌರವ್ವನ ಕೈಯ ಜೋಳದ ರೊಟ್ಟಿ, ಹಾಲು, ಮಜ್ಜಿಗೆಯಲ್ಲೇ ಬೆಳೆದ. ಆರೋಗ್ಯವಾಗಿಯೇ ಇದ್ದ. ಸುಧಾರಿಸಲು ಅವನಲ್ಲಿ ಏನೂ ಬಾಕಿ ಇರಲಿಲ್ಲ ಅನ್ನುವುದು ಬೇರೆ ಮಾತು. ಪಿಂಚಣಿ ಬರುವ ಮನುಷ್ಯನಿಗೆ ಸುಧಾರಿಸುವುದಕ್ಕೆ ಏನಾದರೊಂದು ಬೇಕಾಗುತ್ತದೆ.

ಗೋಕಾಕದಲ್ಲಿ ವಿಶಾಲ ಎಂಬಾತ ಸಾಕುಪ್ರಾಣಿಗಳ ಸಾಮಾನಿನ ಅಂಗಡಿ ಇಟ್ಟಿದ್ದಾನೆ. ಅವನ ಮುಂದೆ ಮೋತ್ಯಾನ ದಿನಚರಿ ವಿವರಿಸಿದೆ. ಖೂನಿ ಮಾಡಿ ಬಂದವನನ್ನು ನೋಡುವ ಹಾಗೆ ಅವನು ನನ್ನನ್ನು ನೋಡಿದ.

"ಕಾಕಾ, ಏಳ ವರ್ಷ ಬರೇ ರೊಟ್ಟಿ ಮ್ಯಾಲ ಇಟ್ಟೀರೇನ್ರಿ? ಅದು ನಾಯಿ ಐತ್ರಿ, ಎತ್ತ ಅಲ್ಲ."

ಆಮೇಲೆ ಅರ್ಧ ತಾಸು ಉಪನ್ಯಾಸ ಕೊಟ್ಟ. ಈಗಿನ ನಾಯಿಗಳಿಗೆ ಬೇಕಾದದ್ದು ಎರಡಂತೆ. ಒಂದು, ನ್ಯಾಚುರಲ್ ಟ್ರೀಟು, ಅಂದರೆ ಬಣ್ಣ-ಗಿಣ್ಣ ಇಲ್ಲದ ನೈಸರ್ಗಿಕ ತಿನಿಸು. ಇನ್ನೊಂದು, ವೆಟ್ ಫುಡ್ಡು, ಅಂದರೆ ಪಾಕೀಟಿನಲ್ಲಿ ಬರುವ ರಸಭರಿತ ಊಟ. ನಾನು ಮೊದಲಿನದರಿಂದ ಶುರು ಮಾಡಿದೆ. ಒಣಗಿಸಿದ ಗೆಣಸಿನ ಹೋಳು, ಗಜ್ಜರಿ ತುಂಡು, ಹಾಲಿನಿಂದ ಮಾಡಿದ, ಕಟ್ಟಿಗೆಯನ್ನೂ ನಾಚಿಸುವ ಕಡ್ಡಿ, ಎಲ್ಲ ಕಟ್ಟಿಸಿಕೊಂಡು ಬಂದೆ. ಗೌರವ್ವ ಗೆಣಸಿನ ಹೋಳನ್ನು ಮೂಸಿ ನೋಡಿ, ಬಿಸಿಲು ಕೊಣ್ಣೂರಿನಲ್ಲೂ ಬೀಳುತ್ತದಲ್ಲ, ಗೆಣಸು ಒಣಗಿಸಲು ಗೋಕಾಕದ ತನಕ ಹೋಗಬೇಕಾಗಿತ್ತೇ ಎಂದು ಕೇಳಿದಳು. ವಿಜ್ಞಾನ ಗೊತ್ತಿಲ್ಲದವರ ಜೊತೆ ವಾದ ಮಾಡಬಾರದೆಂದು ಮೋತ್ಯಾನನ್ನು ಕರೆದೆ.

ಮೋತ್ಯಾನಿಗೂ ವಿಜ್ಞಾನ ಗೊತ್ತಿರಲಿಲ್ಲ. ಹೋಳನ್ನು ಮೂಸಿದ, ನನ್ನ ಮುಖ ನೋಡಿದ, ಕುಳಿತ. ಅಷ್ಟೇ. ಇದಕ್ಕೊಂದು ಹಿನ್ನೆಲೆ ಇದೆ. ಮರಿಯಾಗಿದ್ದಾಗ ಮನೆಗೆ ಸುಣ್ಣ ಬಳಿಯುವ ಹೊತ್ತಿನಲ್ಲಿ, ಒಂದು ಸುಣ್ಣದ ಹೆಂಟೆಯನ್ನು ಗಿಣ್ಣವೆಂದು ತಿಳಿದು ಕಚ್ಚಿ ಬಾಯಿ ಸುಟ್ಟುಕೊಂಡಿದ್ದ. ಅಂದಿನಿಂದ ರೊಟ್ಟಿ, ಹಾಲು ಬಿಟ್ಟರೆ ಯಾವ ಹೊಸ ಪದಾರ್ಥವನ್ನೂ ಅವನು ನಂಬಿದ್ದಿಲ್ಲ. ಎರಡು ದಿನ ಕಾದು, ಬೇಸತ್ತು, ಅಷ್ಟು ಚೆಂದದ ಗೆಣಸು ಹಾಳಾಗುತ್ತದಲ್ಲ ಎಂದು ಒಂದು ಹೋಳಿನ ಅರ್ಧವನ್ನು ನಾನೇ ಬಾಯಿಗೆ ಹಾಕಿಕೊಂಡೆ. ತಕ್ಷಣ ಮೋತ್ಯಾ ಎದ್ದ. ಬಾಲ ಅಲ್ಲಾಡಿತು. ಉಳಿದರ್ಧವನ್ನು ಕೊಟ್ಟರೆ ಕರಕರ ಎಂದು ತಿಂದ. ಗಜ್ಜರಿಯೂ ಹೀಗೆಯೇ. ಮೊದಲು ನಾನು, ಆಮೇಲೆ ಅವನು. ಹಾಲಿನ ಕಡ್ಡಿಯ ಸರದಿಯಲ್ಲಿ ನನ್ನದೊಂದು ದವಡೆ ಹಲ್ಲು ಅಲುಗಾಡಿತಾದರೂ ಪ್ರಯೋಗ ಯಶಸ್ವಿಯಾಯಿತು. ಯಜಮಾನ ತಿಂದು ಬದುಕಿದರೆ ಮಾತ್ರ ತಾನು ತಿನ್ನಬೇಕು ಎಂಬುದು ಮೋತ್ಯಾನ ಸಿದ್ಧಾಂತ.

ಈಗ ಉಳಿದದ್ದು ವೆಟ್ ಫುಡ್ಡು. ವಿಶಾಲನ ಅಂಗಡಿಯಲ್ಲಿ ಇದ್ದದ್ದು ಕೋಳಿಯ ಗ್ರೇವಿಯ ಪಾಕೀಟುಗಳು ಮಾತ್ರ. ಮೇಲೆ ಒಂದು ನಾಯಿ ನಾಲಿಗೆ ಹೊರಚಾಚಿ ನಗುವ ಚಿತ್ರ. ನಾನು ಸ್ವಲ್ಪ ಹೊತ್ತು ಬಾಗಿಲಲ್ಲಿ ನಿಂತು ಧರ್ಮಜಿಜ್ಞಾಸೆ ಮಾಡಿದೆ. ಮನುಷ್ಯನ ಆಚಾರ ಮನುಷ್ಯನಿಗೆ, ನಾಯಿಯ ಆಚಾರ ನಾಯಿಗೆ ಎಂಬ ತೀರ್ಮಾನಕ್ಕೆ ಬಂದು, ಹನ್ನೆರಡು ಪಾಕೀಟು ತೆಗೆದುಕೊಂಡೆ.

ಮನೆಯಲ್ಲಿ ಹೇಳಲಿಲ್ಲ. ತಪ್ಪಾಯಿತು, ಈಗ ಒಪ್ಪಿಕೊಳ್ಳುತ್ತೇನೆ. ಮೂವತ್ತು ವರ್ಷದ ಸಂಸಾರದಲ್ಲಿ ಗೌರವ್ವ ನನಗೆ ಸೋಮಾರಿ ಅಂದಿದ್ದಾಳೆ, ಮರೆಗುಳಿ ಅಂದಿದ್ದಾಳೆ, ಕಾಯಿಪಲ್ಯ ಆರಿಸಲು ಬಾರದವನು ಅಂದಿದ್ದಾಳೆ. ಆದರೆ ಓಣಿಯ ಹೆಂಗಸರು ಗಂಡಂದಿರನ್ನು ಆಡಿಕೊಳ್ಳುವಾಗ ಮಾತ್ರ ಒಂದು ಮಾತು ತಪ್ಪದೆ ಹೇಳುತ್ತಿದ್ದಳು: "ನಮ್ಮನ್ಯಾರದು ಒಂದ ನೋಡವಾ, ನನ್ನ ಮುಂದ ಸುಳ್ಳ ಹೇಳೂದಿಲ್ಲ." ಅವಳ ಕಣ್ಣಿನಲ್ಲಿ ನನಗಿದ್ದ ಆಸ್ತಿಯೆಲ್ಲ ಅಷ್ಟೇ. ಅದನ್ನೇ ಹನ್ನೆರಡು ಪಾಕೀಟಿನ ಜೊತೆಗೆ ಹಿತ್ತಲಿನ ಕಟ್ಟಿಗೆ ಕೋಣೆಯಲ್ಲಿ, ಗೋಣಿಚೀಲದ ಹಿಂದೆ ಬಚ್ಚಿಟ್ಟೆ.

ಗೌರವ್ವ ದಿನಾಲೂ ನಾಲ್ಕು ಗಂಟೆಗೆ ಅಕ್ಕನ ಬಳಗದ ವಚನ ಕಲಿಯಲು ಹೋಗುತ್ತಾಳೆ. ಅದೇ ನಮ್ಮ ಮುಹೂರ್ತ. ಮೊದಲ ದಿನ ಮೋತ್ಯಾನ ತಾಟಿಗೆ ಪಾಕೀಟು ಸುರಿದೆ. ಮೂಸಿದ, ನನ್ನ ಮುಖ ನೋಡಿದ, ಕುಳಿತ. ಗೆಣಸನ್ನೇನೋ ತಿಂದೆ, ಇದನ್ನು ತಿನ್ನುವುದುಂಟೇ? ಶಿವ ಶಿವಾ! ಯೋಚಿಸಿ ಯೋಚಿಸಿ ಕೊನೆಗೆ ನಾಟಕವಾಡುವುದೇ ಮಾರ್ಗವೆಂದು ಹೊಳೆಯಿತು.

ನಿವೃತ್ತಿಯ ದಿನ ಆಫೀಸಿನವರು ನನ್ನ ಹೆಸರು ಕೊರೆಸಿ ಕೊಟ್ಟ ಸ್ಟೀಲಿನ ತಾಟು ಒಂದಿದೆ. ನಾನು ಅದರಲ್ಲೇ ಉಣ್ಣುವುದು ಮೋತ್ಯಾನಿಗೆ ಗೊತ್ತು. ಅದಕ್ಕೆ ಗ್ರೇವಿ ಸುರಿದು, ಕಟ್ಟಿಗೆ ಕೋಣೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತೆ. ಮೂಗಿನಲ್ಲಿ ಉಸಿರು ಹಿಡಿದು, ಖಾಲಿ ಕೈಯನ್ನು ತಾಟಿನ ಮೇಲಿಂದ ಬಾಯಿಗೆ ಒಯ್ದು, ಗಾಳಿಯನ್ನು ಜಗಿದೆ. ಮೋತ್ಯಾ ಅನುಮಾನದಿಂದ ಕಿವಿ ನಿಮಿರಿಸಿದ. ಇನ್ನೂ ಜೋರಾಗಿ ಜಗಿದೆ, ಬೆರಳು ನೆಕ್ಕಿದಂತೆ ಮಾಡಿದೆ, "ಆಹಾ" ಅಂದೆ. ಆಗ ಅವನಿಗೆ ವಿಶ್ವಾಸ ಬಂತು. ತಾಟಿಗೆ ಬಾಯಿ ಹಾಕಿ ಒಂದೇ ಉಸಿರಿಗೆ ಬಳಿದ.

ಹತ್ತು ದಿನ ಹತ್ತು ಪಾಕೀಟು ಹೀಗೇ ನಡೆಯಿತು. ನನ್ನ ಅಭಿನಯ ದಿನದಿನಕ್ಕೆ ಮಾಗಿತು. ಬರೀ ಆಹಾ ಸಾಲದೆ ಸಂಭಾಷಣೆಯೂ ಸೇರಿತು. ಕಲಾವಿದನಿಗೆ ಚಪ್ಪಾಳೆ ತಟ್ಟುವವರಿಲ್ಲವಲ್ಲ ಎಂಬ ಕೊರಗೊಂದೇ ಉಳಿದಿತ್ತು. ಹನ್ನೊಂದನೆಯ ದಿನ ಪ್ರೇಕ್ಷಕರೂ ಬಂದರು.

ಗೌರವ್ವನ ಅಣ್ಣ ಶಿದ್ಲಿಂಗಪ್ಪನವರು ಹುಕ್ಕೇರಿಯವರು. ಬೀಜ-ಗೊಬ್ಬರದ ವ್ಯಾಪಾರ. ಹೊರಗೆಲ್ಲೂ ಚಹಾ ಕೂಡ ಕುಡಿಯದ, ಮುಂಜಾನೆ ಒಂದು ತಾಸು ಲಿಂಗಪೂಜೆ ಮಾಡದೆ ಹನಿ ನೀರು ಮುಟ್ಟದ ಮನುಷ್ಯ. ಅಂದು ಏನೋ ಕೆಲಸಕ್ಕೆ ಕೊಣ್ಣೂರಿಗೆ ಬಂದವರು, ದಾರಿಯಲ್ಲಿ ಸಿಕ್ಕ ತಂಗಿಯನ್ನು ಗಾಡಿಯ ಮೇಲೆ ಕೂರಿಸಿಕೊಂಡು ಮನೆಗೆ ಬಂದಿದ್ದಾರೆ. ಮುಂಬಾಗಿಲಲ್ಲಿ ಯಾರೂ ಕಾಣದೆ ಅಣ್ಣ-ತಂಗಿ ಇಬ್ಬರೂ ಹಿತ್ತಲಿಗೆ ನಡೆದಿದ್ದಾರೆ. ನಾನು ಬೆನ್ನು ಮಾಡಿ ಕುಳಿತು ಕಲೆಯಲ್ಲಿ ಮುಳುಗಿದ್ದೆ.

"ಆಹಾಹಾ, ಏನ ರುಚಿ ಐತಲೇ ಮೋತ್ಯಾ! ಇದನ್ನ ಬಿಟ್ಟ ರೊಟ್ಟಿ ಯಾರ ತಿಂತಾರಲೇ? ಗೌರವ್ವನ ಕೈಯಡಿಗಿ ಇದರ ಮುಂದ ಏನೂ ಅಲ್ಲ."

ಹಿಂದೆ ಯಾರೋ ಉಸಿರೆಳೆದುಕೊಂಡ ಸಪ್ಪಳವಾಯಿತು. ತಿರುಗಿದೆ. ಗೌರವ್ವನ ಕೈಯಿಂದ ವಚನದ ಪುಸ್ತಕ ಜಾರಿತ್ತು. ಶಿದ್ಲಿಂಗಪ್ಪನವರು ಕೊರಳಿನ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದಿದ್ದರು. ನನ್ನ ಕೈ ಇನ್ನೂ ಬಾಯಿಯ ಹತ್ತಿರವೇ ಇತ್ತು.

ನಾನು ಎಲ್ಲವನ್ನೂ ವಿವರಿಸಿದೆ. ಸುಣ್ಣದ ಹೆಂಟೆಯಿಂದ ಹಿಡಿದು ವಿಶಾಲನ ಉಪನ್ಯಾಸದ ತನಕ ಒಂದನ್ನೂ ಬಿಡಲಿಲ್ಲ. ಸತ್ಯಕ್ಕೆ ಒಂದು ದೊಡ್ಡ ದೋಷವಿದೆ ನೋಡಿ, ಒಮ್ಮೊಮ್ಮೆ ಅದು ಸುಳ್ಳಿಗಿಂತ ಕೆಟ್ಟದಾಗಿ ಕೇಳಿಸುತ್ತದೆ. ನಾಯಿ ತಿನ್ನಲಿ ಅಂತ ಅರವತ್ತು ವರ್ಷದ ಮನುಷ್ಯ ಗಾಳಿ ಜಗಿಯುತ್ತಾನೆಂದರೆ ಯಾರು ನಂಬುತ್ತಾರೆ? ಶಿದ್ಲಿಂಗಪ್ಪನವರು ತಾಟಿನ ಅಂಚಿನಲ್ಲಿ ಕೊರೆದ ನನ್ನ ಹೆಸರನ್ನು, ಇನಿಶಿಯಲ್ ಸಮೇತ, ಗಟ್ಟಿಯಾಗಿ ಓದಿದರು. ಆಮೇಲೆ ಪರೀಕ್ಷೆ ಆಗಲಿ ಅಂದರು. ಇದು ನಾಯಿಯ ಊಟವೇ ಆಗಿದ್ದರೆ ನಾಯಿ ನಮ್ಮ ಕಣ್ಣೆದುರಿಗೆ ತಿನ್ನಲಿ.

ತಾಟನ್ನು ಮೋತ್ಯಾನ ಮುಂದೆ ಸರಿಸಿದೆ. ಮೋತ್ಯಾ ನನ್ನ ಮುಖ ನೋಡಿದ. ನಾನು ಜಗಿಯುವುದನ್ನೇ ಕಾಯುತ್ತ ಕುಳಿತ. ನಾನು ಕೈಯನ್ನು ಮೆಲ್ಲಗೆ ತಾಟಿನ ಕಡೆ ಒಯ್ದೆನೋ ಇಲ್ಲವೋ, ಶಿದ್ಲಿಂಗಪ್ಪನವರು ಗುಡುಗಿದರು.

"ಕೈ ತಗೀರಿ ಗುರುಪಾದಪ್ಪಾರ! ನನ್ನ ಮುಂದನ ತಿನ್ನಾವ್ರೇನು?"

ಕೈ ತೆಗೆದೆ. ಜಗಿದರೆ ನಾನು ಕಳ್ಳ, ಜಗಿಯದಿದ್ದರೆ ಮೋತ್ಯಾ ತಿನ್ನುವುದಿಲ್ಲ. ಡ್ಯಾಮಿನಲ್ಲಿ ಎಂಥೆಂಥ ಮಹಾಪೂರ ನೋಡಿದ್ದೆ, ಇಂಥ ಪೇಚು ನೋಡಿರಲಿಲ್ಲ. ಕಣ್ಣಿನಲ್ಲೇ ಬೇಡಿಕೊಂಡೆ, ತಿನ್ನೋ ಮಾರಾಯ, ಒಂದು ತುತ್ತು ತಿನ್ನು. ಮೋತ್ಯಾ ಆಕಳಿಸಿದ. ಅಷ್ಟರಲ್ಲಿ ಗೌರವ್ವ ಒಳಗೆ ಹೋಗಿ ಮುಂಜಾನೆಯ ತಂಗಳು ರೊಟ್ಟಿ ತಂದು ನೆಲಕ್ಕಿಟ್ಟಳು. ಮೋತ್ಯಾ ಗ್ರೇವಿಯನ್ನು ದಾಟಿ ಹೋಗಿ, ಆ ರೊಟ್ಟಿಯನ್ನು ಜನ್ಮದಲ್ಲಿ ಊಟ ಕಾಣದವನಂತೆ ತಿಂದ.

ಶಿದ್ಲಿಂಗಪ್ಪನವರು ಕಟ್ಟಿಗೆ ಕೋಣೆಯಿಂದ ಗೋಣಿಚೀಲ ಹೊರಗೆಳೆದು ಕೊಡವಿದರು. ಹತ್ತು ಖಾಲಿ ಪಾಕೀಟು ಬಿದ್ದವು. ಬಿದ್ದ ಹತ್ತು ನಾಯಿಗಳೂ ನಾಲಿಗೆ ಚಾಚಿ ನಗುತ್ತಿದ್ದವು.

"ನಾಯಿ ಅಂತೂ ಮೂಸಿ ನೋಡಂಗಿಲ್ಲ," ಅಂದರು ಅವರು. "ಹಂಗಾರ ಈ ಹತ್ತ ಪಾಕೀಟ ಯಾರ ಹೊಟ್ಯಾಗ ಹೋದವು? ಖಾಟಿಕನ ಮಟನ್ ಅಂಗಡಿ ಮುಂದ ನಿಂತರ ಊರ ನೋಡತೈತಿ. ಅದಕ್ಕ ನಾಯಿ ಚಿತ್ರದ ಪಾಕೀಟ. ತಲಿ ಐತಿ ಬಿಡ್ರಿ ನಿಮಗ."

ನನಗೇ ಒಂದು ಕ್ಷಣ, ಇರಬಹುದೇನೋ, ನಾನೇ ತಿಂದೆನೇನೋ ಅನ್ನಿಸಿತು. ಅಷ್ಟು ಪಕ್ಕಾ ಇತ್ತು ಅವರ ತರ್ಕ. ಅವರು ನಮ್ಮ ಮನೆಯ ನೀರನ್ನೂ ಮುಟ್ಟದೆ ಹುಕ್ಕೇರಿಗೆ ಹೊರಟುಹೋದರು.

ಗೌರವ್ವ ಜಗಳವಾಡಲಿಲ್ಲ. ಆಡಿದ್ದರೆ ಎಷ್ಟೋ ಮೇಲಾಗಿತ್ತು. ಎರಡು ದಿನ ಹೊತ್ತಿಗೆ ಸರಿಯಾಗಿ ಊಟ ಬಡಿಸಿದಳು, ಕೇಳಿದ್ದಕ್ಕೆ ಹೂಂ ಅಂದಳು, ನನ್ನ ಮುಖ ಮಾತ್ರ ನೋಡಲಿಲ್ಲ. ನಾನು ಮೂರು ಸಲ ಲಿಂಗ ಮುಟ್ಟಿ ಆಣೆ ಮಾಡಲು ಹೋದೆ. ಮೂರು ಸಲವೂ ಕೈ ಅಡ್ಡ ತಂದು, ಹಾಗೆ ಮಾಡಬೇಡಿ, ಪಾಪ ಹೆಚ್ಚಾಗುತ್ತದೆ ಅಂದಳು. ಆ ಮಾತು ನನಗೆ ಬಹಳ ನೋವು ಮಾಡಿತು. ಬೈಗುಳ ಜೀರ್ಣಿಸಿಕೊಂಡವನಿಗೂ ಕನಿಕರ ಜೀರ್ಣವಾಗುವುದಿಲ್ಲ.

ಮೂರನೆಯ ದಿನ ಮಧ್ಯಾಹ್ನ ಅವಳೇ ಹಿತ್ತಲಿನಿಂದ ಕರೆದಳು. ಹೋಗಿ ನೋಡಿದೆ. ಬೇವಿನ ಗಿಡದ ಕೆಳಗೆ ಮೂರು ಕಲ್ಲಿಟ್ಟು ಒಲೆ ಹೂಡಿದ್ದಾಳೆ. ಅದರ ಪಕ್ಕಕ್ಕೆ ಒಂದು ಮಣೆ, ಮುಂದೆ ನನ್ನ ಹೆಸರಿನ ತಾಟು. ತಾಟಿನಲ್ಲಿ ಬಿಸಿ ರೊಟ್ಟಿ, ಪಕ್ಕದ ಬಟ್ಟಲಲ್ಲಿ ಹಬೆಯಾಡುವ ಏನೋ ಒಂದು. ಗೌರವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡು, ಮುಖ ಆಚೆ ತಿರುಗಿಸಿ ನಿಂತಿದ್ದಳು.

"ಏನಿದು ಗೌರಾ?"

"ಉಳಿದಿತ್ತಲ್ಲ, ಒಂದ ಪಾಕೀಟ. ಹಂಗ ತಿನ್ನಾಕ ಹಸಿ ವಾಸನಿ ಬರತೈತಿ. ಉಳ್ಳಾಗಡ್ಡಿ, ಬಳ್ಳೊಳ್ಳಿ ಹಾಕಿ ಒಗ್ಗರಣಿ ಕೊಟ್ಟೇನಿ." ಮುಖ ಈಚೆ ತಿರುಗಿಸದೆಯೇ ಅಂದಳು, "ಉಪ್ಪ ನೋಡಿಲ್ಲ. ಅದೊಂದ ನೀವ ನೋಡ್ಕೋರಿ."

ಅವಳೇ ಮುಂದುವರಿಸಿದಳು. "ಎರಡ ದಿನ ವಿಚಾರ ಮಾಡಿದೆ. ಮೂವತ್ತ ವರ್ಷ ನನಗ ಅಂಜಿ ಬಾಯಿ ಕಟ್ಟಿದ್ರಿ ಅಂತ ಈಗ ಗೊತ್ತಾತು. ಕದ್ದ ತಿನ್ನೂದ ಬ್ಯಾಡ್ರಿ. ಇಲ್ಲೆ ಕುಂತ, ಬಿಸಿದು ತಿನ್ರಿ. ಅಣ್ಣಗ ನಾ ಹೇಳೂದಿಲ್ಲ."

ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟದ ಹೆಂಗಸು, ಆ ವಾಸನೆಯ ಮುಂದೆ ನಿಂತು, ಗಂಡನಿಗೆಂದು ನಾಯಿಯ ಊಟಕ್ಕೆ ಒಗ್ಗರಣೆ ಹಾಕಿದ್ದಳು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಿಜ ಹೇಳುತ್ತೇನೆ, ಅಳುವೇ ಬಂತು.

ಅಷ್ಟರಲ್ಲಿ ಮೋತ್ಯಾ ಬಂದ. ಬಟ್ಟಲು ಮೂಸಿದ, ನನ್ನ ಮುಖ ನೋಡಿದ, ಕುಳಿತ. ತಟ್ಟನೆ ನನ್ನ ತಲೆಯೊಳಗೆ ದೀಪ ಹೊತ್ತಿತು. ಇಲ್ಲಿ ಶಿದ್ಲಿಂಗಪ್ಪ ಇಲ್ಲ, ಕೈ ತೆಗಿ ಅನ್ನುವವರಿಲ್ಲ! ನಾನು ಜಗಿದರೆ ಮೋತ್ಯಾ ತಿನ್ನುತ್ತಾನೆ, ಮೋತ್ಯಾ ತಿಂದರೆ ನಾನು ನಿರಪರಾಧಿ. ಮಣೆಯ ಮೇಲೆ ಕುಳಿತೆ. ಖಾಲಿ ಕೈಯನ್ನು ಬಾಯಿಗೆ ಒಯ್ದೆ, ಕಣ್ಣು ಮುಚ್ಚಿ ಜಗಿದೆ, ಮನಸ್ಸು ಬಿಚ್ಚಿ "ಆಹಾ" ಅಂದೆ. ಮೋತ್ಯಾ ಎದ್ದ. ಬಾಲ ಅಲ್ಲಾಡಿತು. ಬಟ್ಟಲಿಗೆ ಬಾಯಿ ಹಾಕಲು ಬಗ್ಗಿದ.

ಗೌರವ್ವ ಓಡಿ ಬಂದು ಅವನ ಕೊರಳಪಟ್ಟಿ ಹಿಡಿದಳು.

"ಬ್ಯಾಡ್ರಿ," ಅಂದಳು ಮೆಲ್ಲಗೆ, ಅವನನ್ನು ಅಡುಗೆಮನೆಯ ಕಡೆ ಎಳೆದೊಯ್ಯುತ್ತ. "ನೀವು ಎಷ್ಟರ ತಿನ್ರಿ, ನಾ ಏನೂ ಅನ್ನೂದಿಲ್ಲ. ಆದ್ರ ಈ ಮೂಕ ಜೀವಕ್ಕ ನಿಮ್ಮ ಚಟಾ ಹಚ್ಚಬ್ಯಾಡ್ರಿ. ಮನ್ಯಾಗ ಗಂಡಸಂಬೋದು ಒಂದರ ಶುದ್ಧ ಇರ್ಲಿ."