ಭಾವನಿಗೆ ಒರಿಜಿನಲ್ಲೇ ಬೇಕು

ವಾಟ್ಸಾಪಿನಲ್ಲಿ ಫೋಟೊ ಕಳಿಸಿ ನನ್ನ ಭಾವನ ಕೈಯಲ್ಲಿ ಬೈಸಿಕೊಳ್ಳದವರು ಯಾನ್ಬುವಿನಲ್ಲಿ ಯಾರಾದರೂ ಇದ್ದರೆ, ಅವರಿಗೆ ಭಾವನ ಪರಿಚಯವೇ ಇಲ್ಲ ಎಂದು ಧೈರ್ಯವಾಗಿ ಹೇಳಬಹುದು. ಈಗ ಅವರು ಯಾರನ್ನೂ ಬೈಯುವುದಿಲ್ಲ. ಬೈದರೆ ಚೆನ್ನಾಗಿತ್ತು ಎಂದು ನಮಗೆಲ್ಲ ಅನ್ನಿಸುತ್ತದೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಸೌದಿ ಅರೇಬಿಯಾದ ಯಾನ್ಬುವಿನ ಒಂದು ತೈಲ ರಿಫೈನರಿಯಲ್ಲಿ ಟೆಕ್ನಿಶಿಯನ್ ಆಗಿದ್ದರು. ಪೈಪುಗಳ ಮೇಲಿರುವ ಮೀಟರು ನೋಡಿ ಒತ್ತಡ ಎಷ್ಟು, ಶಾಖ ಎಷ್ಟು ಎಂದು ಕಂಟ್ರೋಲ್ ರೂಮಿಗೆ ತಿಳಿಸುವುದು ಅವರ ಕೆಲಸವಾಗಿತ್ತು. ನಾನು ಜಿದ್ದಾದ ಶಿಪ್ಪಿಂಗ್ ಆಫೀಸಿನಲ್ಲಿದ್ದೇನೆ. ರಜೆ ಸಿಕ್ಕಿದ ಶುಕ್ರವಾರ ಕಾರು ಹತ್ತಿ ಅಕ್ಕನ ಮನೆಗೆ ಓಡುತ್ತಿದ್ದೆ. ಅಕ್ಕನ ಮೇಲಿನ ಪ್ರೀತಿ ಎಷ್ಟು, ಅವಳ ಮೀನು ಗಸಿಯ ಮೇಲಿನ ಪ್ರೀತಿ ಎಷ್ಟು ಎಂದು ಕೇಳಬೇಡಿ. ಬಾಗಿಲು ತೆಗೆದ ಭಾವ "ಬಂದೆಯಾ" ಎಂದು ಕೇಳುತ್ತಿರಲಿಲ್ಲ. "ಬ್ಲೂಟೂತ್ ಆನ್ ಉಂಟಾ ನಿಂದು?" ಎನ್ನುತ್ತಿದ್ದರು.

ನನ್ನ ಫೋನಿನಲ್ಲಿರುವ ಹೊಸ ಫೋಟೊಗಳೆಲ್ಲ ಮೊದಲು ಅವರ ಕಂಪ್ಯೂಟರಿಗೆ ದಾಟಬೇಕು. ವೈರು ಇಲ್ಲದೆ ದಾಟಬೇಕು, ಒಂದು ಚುಕ್ಕಿಯೂ ಕಡಿಮೆಯಾಗದೆ ದಾಟಬೇಕು. ಆಮೇಲೆಯೇ ಊಟ. ದಾಟಿಸುವ ಒಂದೊಂದು ದಾರಿಯ ಬಗ್ಗೆಯೂ ಅವರಲ್ಲಿ ಅಭಿಪ್ರಾಯ ಸಿದ್ಧವಿತ್ತು. ಬ್ಲೂಟೂತ್ ಎಂದರೆ ಹಳೆಯ ಸರ್ವಿಸ್ ಬಸ್ಸು. ಎಲ್ಲರನ್ನೂ ಹತ್ತಿಸಿಕೊಳ್ಳುತ್ತದೆ, ಆದರೆ ಮುಟ್ಟುವಾಗ ಪ್ರಯಾಣಿಕ ಮುದುಕನಾಗಿರುತ್ತಾನೆ. ದುಬಾರಿ ಫೋನಿನವರು ತಮ್ಮತಮ್ಮೊಳಗೇ ಫೋಟೊ ದಾಟಿಸುವ ಪದ್ಧತಿ ಸಂಬಂಧದೊಳಗೇ ಹೆಣ್ಣು ಕೊಟ್ಟು ತರುವ ಮನೆತನದ ಹಾಗೆ. ಭಾರೀ ವೇಗ, ಆದರೆ ಹೊರಗಿನವರಿಗೆ ಪ್ರವೇಶವಿಲ್ಲ. ಬ್ರೌಸರಿನಲ್ಲಿ ತೆರೆಯುವ ಇನ್ನೊಂದು ದಾರಿಗೆ ಯಾವ ಭೇದವೂ ಇಲ್ಲ, ಎಲ್ಲರೂ ಒಂದೇ ವೈಫೈಯ ಋಣದಲ್ಲಿದ್ದರೆ ಸಾಕು.

"ವಾಟ್ಸಾಪು?" ಎಂದು ನಾನು ಬೇಕೆಂದೇ ಕೇಳುತ್ತಿದ್ದೆ.

"ಅದು ಹಾಲು ಹಿಂಡಿ ತೆಗೆದ ತೆಂಗಿನ ತುರಿ ಮಾರಾಯ. ನೋಡ್ಲಿಕ್ಕೆ ಕಾಯಿಯೇ. ಒಳಗೆ ಎಂತ ಉಂಟು?"

"ಡಾಕ್ಯುಮೆಂಟ್ ಅಂತ ಹಾಕಿ ಕಳಿಸಿದ್ರೆ ಹಿಂಡುವುದಿಲ್ಲ ಭಾವ."

"ಊರಿನಲ್ಲಿ ಯಾರು ಹಾಗೆ ಕಳಿಸ್ತಾರೆ? ಹೇಳಿಕೊಟ್ರೆ ಮರುದಿನ ಹೂವಿನ ಸ್ಟಿಕ್ಕರ್ ಬರ್ತದೆ."

ಬ್ರೌಸರಿನ ಆ ಪದ್ಧತಿಯಲ್ಲಿ ಪ್ರತಿ ಫೋನಿಗೂ ತಾನಾಗಿಯೇ ಒಂದು ಪ್ರಾಣಿಯ ಹೆಸರು ಬೀಳುತ್ತದೆ. ಅಡುಗೆಮನೆಯಿಂದ ಅಕ್ಕ ಕೂಗುವುದು ಕೇಳಿಸುತ್ತಿತ್ತು. "ಕೇಳಿತಾ, ಯಾವುದೋ ಹಸಿರು ಮೊಸಳೆ ಎಂತದೋ ಕಳಿಸ್ತೇನೆ ಅಂತದೆ, ತೆಗೊಳ್ಳುವುದಾ ಬೇಡವಾ?" ಭಾವ ಗಂಭೀರವಾಗಿ ಉತ್ತರಿಸುತ್ತಿದ್ದರು: "ತೆಗೊ. ಮೊಸಳೆ ನಾನೇ."

ಊರಿಗೆ ಹೋಗಿ ಬಂದವರ ಪೆಟ್ಟಿಗೆಯಲ್ಲಿ ನಾವೆಲ್ಲ ಹಪ್ಪಳ, ಉಪ್ಪಿನಕಾಯಿ ಹುಡುಕಿದರೆ, ಭಾವ ಅವರ ಫೋನು ಕೇಳುತ್ತಿದ್ದರು. ಕುಂದಾಪುರದ ಗೆಳೆಯರೊಬ್ಬರು ತಂಗಿಯ ಮದುವೆ ಮುಗಿಸಿ ಬಂದು ಊಟಕ್ಕೆ ಕುಳಿತಿದ್ದರು. ಭಾವ ಮದುವೆಯ ಫೋಟೊಗಳನ್ನೆಲ್ಲ ಎಳೆದುಕೊಂಡು, ಗೋಡೆ ತುಂಬುವಂಥ ದೊಡ್ಡ ಪರದೆಯಲ್ಲಿ ಹಾಕಿ, ಮೂಗು ತಾಗುವಷ್ಟು ಹತ್ತಿರ ಕುಳಿತು ಒಂದೊಂದೇ ಮುಖ ನೋಡತೊಡಗಿದರು. ಬಿರಿಯಾನಿ ತಣ್ಣಗಾಯಿತು. "ನಮ್ಮ ಮನೆಯ ಮದುವೆಯನ್ನು ನಾನೇ ಇಷ್ಟು ನೋಡಲಿಲ್ಲ" ಎಂದು ಆ ಗೆಳೆಯರು ಹೇಳಿದರು. ಆಮೇಲೆ ಅವರು ಬರುವಾಗ ಫೋನನ್ನು ಕಾರಿನಲ್ಲೇ ಬಿಟ್ಟು ಬರುತ್ತಿದ್ದರು.

ಭಾವನ ಒಬ್ಬಳೇ ಮಗಳು ಶ್ರಾವ್ಯ ಮಂಗಳೂರಿನಲ್ಲಿ ಓದುತ್ತಿದ್ದಾಳೆ. ಅವಳು ಕಾಲೇಜಿನ ಫೋಟೊ ಕಳಿಸಿದಾಗಲೆಲ್ಲ ಅಪ್ಪನ ಉತ್ತರ ಒಂದೇ: "ಹಿಂಡಿದ್ದು ಬೇಡ. ಒರಿಜಿನಲ್ ಕಳಿಸು." ಕೊನೆಗೆ ಅವಳು ನನಗೆ ಫೋನು ಮಾಡಿದಳು. "ಮಾಮ, ಪಪ್ಪನಿಗೆ ನಾನು ಬೇಡ, ಫೈಲ್ ಸೈಜ್ ಬೇಕು. ಇನ್ನು ನಾನು ಕಳಿಸುವುದಿಲ್ಲ." ಹಾಗೆಯೇ ಮಾಡಿದಳು. ಅಪ್ಪ ಮಗಳ ಮಾತು ಕಡಿಮೆಯಾಯಿತು. ಅಕ್ಕ ಇಬ್ಬರಿಗೂ ಸಮಾಧಾನ ಹೇಳಿ ಸೋತಳು.

ಕಳೆದ ಚಳಿಗಾಲದಲ್ಲಿ ಅಕ್ಕ, ಭಾವ ಇಬ್ಬರೂ ಜಿದ್ದಾಕ್ಕೆ ಬಂದಿದ್ದರು. ಮಾಲಿನಲ್ಲಿ ಚಹಾ ಕುಡಿಯುತ್ತಿದ್ದಾಗ ಭಾವ, ಯಾನ್ಬುವಿನ ಮೀನು ಮಾರುಕಟ್ಟೆಯಲ್ಲಿ ತೆಗೆದ ನನ್ನ ಫೋಟೊವೊಂದನ್ನು ನನಗೆ ದಾಟಿಸಲು ಹೊರಟರು. ಸುತ್ತಲಿನ ಫೋನುಗಳ ಹೆಸರೆಲ್ಲ ಅವರ ಪರದೆಯಲ್ಲಿ ಸಾಲಾಗಿ ಬಂದವು. ಭಾವ ಒತ್ತಿದರು. ನನಗೆ ಏನೂ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಎತ್ತರದ ಸೌದಿ ಗೃಹಸ್ಥರೊಬ್ಬರು ನಮ್ಮ ಮೇಜಿನ ಮುಂದೆ ನಿಂತಿದ್ದರು. ಕೈಯಲ್ಲಿ ಅವರ ಹೆಂಡತಿಯ ಫೋನು, ಅದರಲ್ಲಿ ಎರಡೂ ಕೈಯಲ್ಲಿ ಅಂಜಲ್ ಮೀನು ಎತ್ತಿ ಹಿಡಿದು ಹಲ್ಲುಕಿರಿದಿರುವ ನಾನು.

ಪರಸ್ತ್ರೀಗೆ ಫೋಟೊ ಕಳಿಸಿದ ದೂರು ಪೊಲೀಸರ ತನಕ ಹೋದರೆ ಇಲ್ಲಿ ವಾಸಿಸಲು ಕೊಡುವ ಇಕಾಮಾ, ಕೆಲಸ ಎರಡೂ ಉಳಿಯುವ ಭರವಸೆ ಇರಲಿಲ್ಲ. ನಾನು ಬರುವ ಅರಬಿ, ಬಾರದ ಅರಬಿ ಎಲ್ಲ ಸೇರಿಸಿ ಕ್ಷಮೆ ಕೇಳಿದೆ. ಅವರು ಭಾವನನ್ನು ನೋಡಿದರು, ನನ್ನನ್ನು ನೋಡಿದರು, ಫೋಟೊ ನೋಡಿದರು. ಕಡೆಗೆ, ಮೀನು ಕಿಲೋಗೆ ಎಷ್ಟು ಎಂದು ಕೇಳಿ, ಉತ್ತರ ಕೇಳಿಸಿಕೊಂಡು ಹೋದರು. ನಾನು ಕಾರಿಗೆ ಹತ್ತುವವರೆಗೂ ನಕ್ಕೆ. ಭಾವ ನಗಲಿಲ್ಲ. ಫೋನನ್ನು ಮೂಗಿನ ತನಕ ತಂದು ಮತ್ತೆ ಮತ್ತೆ ನೋಡುತ್ತಿದ್ದರು. ಭಯಕ್ಕೆ ಎಂದುಕೊಂಡೆ.

ಅದಾಗಿ ಕೆಲವು ವಾರಗಳಾಗಿರಬೇಕು, ಅಕ್ಕನ ಫೋನು ಬಂತು. "ನೀನು ಒಮ್ಮೆ ಬಾ" ಎಂದಳು, ಅಷ್ಟೆ.

ನಡೆದದ್ದು ಹೀಗೆ. ಪ್ಲಾಂಟಿನಲ್ಲಿ ಭಾವ ಒಂದು ಮೀಟರನ್ನು ತಪ್ಪಾಗಿ ಓದಿದ್ದರು. ಜೊತೆಗಿದ್ದ ಫಿಲಿಪಿನೋ ಸಹೋದ್ಯೋಗಿ ಗಮನಿಸಿ ಸರಿಪಡಿಸಿದ್ದರಿಂದ ಅನಾಹುತ ತಪ್ಪಿತು. ಆತ ಯಾರಿಗೂ ಹೇಳಲಿಲ್ಲ. ಮರುದಿನ ಭಾವ ತಾವೇ ಕಂಪನಿಯ ಡಾಕ್ಟರ ಬಳಿ ಹೋಗಿ, ನನಗೆ ಕಣ್ಣು ಕಾಣುವುದಿಲ್ಲ ಎಂದು ಹೇಳಿಬಿಟ್ಟರು. ಸಕ್ಕರೆ ಕಾಯಿಲೆ ಎರಡೂ ಕಣ್ಣಿನ ಪರದೆಯನ್ನು ತಿಂದಿತ್ತು. ಮೊದಲೇ ಖಾಸಗಿ ಆಸ್ಪತ್ರೆಯಲ್ಲಿ ಗುಟ್ಟಾಗಿ ಚಿಕಿತ್ಸೆ ಮಾಡಿಸಿಕೊಳ್ಳುತ್ತಿದ್ದರಂತೆ. ಅದು ಅಕ್ಕನಿಗೂ ಗೊತ್ತಿರಲಿಲ್ಲ. ಕಂಪನಿ ಫೈನಲ್ ಎಕ್ಸಿಟ್ ಕೊಟ್ಟಿತು. ಎಂದರೆ, ಕೆಲಸವೂ ಮುಗಿಯಿತು, ಈ ದೇಶವೂ ಮುಗಿಯಿತು.

ನಾನು ಹೋದಾಗ ಭಾವ ಕಿಟಕಿಯ ಬದಿ ಕುಳಿತಿದ್ದರು. ನನ್ನ ಹೆಜ್ಜೆ ಕೇಳಿ ತಿರುಗಿದರು.

"ಹಿಂಡಿದ ಫೋಟೊ ದೊಡ್ಡದು ಮಾಡಿದ್ರೆ ಮುಖ ಒಡೆದು ಹೋಗ್ತದೆ ಮಾರಾಯ. ಒರಿಜಿನಲ್ ಆದ್ರೆ, ಹತ್ತಿರ ಕೂತ್ರೆ, ಸ್ವಲ್ಪ ಕಾಣ್ತಿತ್ತು" ಎಂದರು. "ಆ ದಿನ ಮಾಲಿನಲ್ಲಿ ಯಾವ ಹೆಸರೂ ಓದ್ಲಿಕ್ಕೆ ಆಗಲಿಲ್ಲ. ಅಂದಾಜಿಗೆ ಒತ್ತಿದ್ದು."

"ನನ್ನ ಹತ್ತಿರ ಆದರೂ ಹೇಳಬಹುದಿತ್ತಲ್ಲ ಭಾವ?"

"ನೀನು ಅಕ್ಕನಿಗೆ ಹೇಳ್ತಿದ್ದಿ. ಅವಳು ಅಳ್ತಿದ್ಳು. ಹುಚ್ಚು ಅಂತ ನೀವೆಲ್ಲ ನಗ್ತಿದ್ರಿ, ಅದೇ ಸುಖ ಇತ್ತು."

ಒಳಗೆ ಅಕ್ಕ ಪಾತ್ರೆ ತೊಳೆಯುತ್ತಿದ್ದಳು. ಒಂದೇ ಪಾತ್ರೆಯನ್ನು ತುಂಬ ಹೊತ್ತು ತೊಳೆದಳು.

ಸಾಮಾನು ಕಟ್ಟಲು ಶ್ರಾವ್ಯ ವಿಸಿಟ್ ವೀಸಾದಲ್ಲಿ ಬಂದಳು. ಅವಳಿಗೆ ಅಮ್ಮ ಫೋನಿನಲ್ಲೇ ಎಲ್ಲ ಹೇಳಿದ್ದಳು. ವಿಮಾನ ನಿಲ್ದಾಣದಿಂದ ನಾನೇ ಕರೆತಂದೆ. ಮನೆಯೊಳಗೆ ಬಂದವಳು ಬ್ಯಾಗನ್ನೂ ಇಳಿಸದೆ ಅಪ್ಪನ ಕೈ ಹಿಡಿದಳು.

"ಪಪ್ಪ, ಬನ್ನಿ. ಇಲ್ಲಿ ಬೆಳಕು ಸಾಲದು."

ಬಾಲ್ಕನಿಗೆ ಕರೆದುಕೊಂಡು ಹೋಗಿ, ಬಿಸಿಲಿಗೆ ಮುಖ ಕೊಟ್ಟು ನಿಂತು, ಕೂದಲನ್ನು ಹಿಂದಕ್ಕೆ ಕಟ್ಟಿದಳು. ಭಾವ ಎರಡೂ ಕೈಯಲ್ಲಿ ಅವಳ ಮುಖ ಹಿಡಿದು, ತಮ್ಮ ಮೂಗು ತಾಗುವಷ್ಟು ಹತ್ತಿರ ಬಂದು ನೋಡಿದರು. ಹಣೆ, ಹುಬ್ಬು, ಗಲ್ಲ.

"ಇದೆಂತ? ಹಲ್ಲಿಗೆ ಕ್ಲಿಪ್ ಹಾಕಿದ್ದೀಯಾ?"

"ಹಾಕಿ ತುಂಬ ಸಮಯ ಆಯ್ತು ಪಪ್ಪ. ಫೋಟೊದಲ್ಲಿ ಬಾಯಿ ಮುಚ್ಚಿ ನಗ್ತಿದ್ದೆ."

ಯಾನ್ಬುವಿನ ಮಧ್ಯಾಹ್ನದ ಬಿಸಿಲು ಸುಡುತ್ತಿತ್ತು. ಒಳಗಿನಿಂದ ಅಕ್ಕ, "ಮಗಳು ಬೆಂದು ಹೋಗ್ತಾಳೆ, ಒಳಗೆ ಬನ್ನಿ" ಎಂದಳು.

"ಇರ್ಲಿ ಅಮ್ಮ. ನೋಡ್ಲಿ" ಎಂದಳು ಶ್ರಾವ್ಯ. ಕಣ್ಣಿನಲ್ಲಿ ನೀರು ಇಳಿಯುತ್ತಿದ್ದರೂ, ಅಪ್ಪನಿಗೆ ಹಲ್ಲೆಲ್ಲ ಕಾಣುವ ಹಾಗೆ ಬಾಯಿ ತುಂಬ ನಕ್ಕು, ಹಾಗೆಯೇ ಅಲುಗಾಡದೆ ನಿಂತಳು.